ನೇರಳೆ ಮುಚ್ಚಳ

"ಹಾಕ್ರೋ ಬಾಗಿಲು!"

ಧಡ್!

ಚಿಲಕ ಬಿದ್ದ ಸದ್ದು ಕೇಳಿತು. ಆಮೇಲೆ ಫ್ಯಾನಿನ ಗುಂಯ್‌ಗುಟ್ಟುವಿಕೆ ಒಂದೇ.

ನಾನು ಕೋಲ್ಡ್ ರೂಮಿನ ಒಳಗೆ. ನಾಲ್ಕು ಗೋಡೆಗೂ ತಗಡು, ಕಪಾಟುಗಳ ತುಂಬ ಬಾಟಲಿ. ಮೈಮೇಲೆ ತೆಳ್ಳಗಿನ ಶರ್ಟು. ಕೈಯಲ್ಲಿ ಒಂದು ಪುಟ್ಟ ಗಾಜಿನ ಬಾಟಲಿ, ಅದರೊಳಗೆ ಕಡುಕೆಂಪು ದ್ರಾವಣ.

ಹೊರಗಿನಿಂದ ನಗು ಕೇಳಿತು.

"ಏನಪ್ಪಾ ಹೀರೋ... ಸಿಕ್ಕಿಬಿದ್ಯಲ್ಲ!"

ಗೂಳಿ! ಈ ಔಷಧಿ ಕಂಪನಿಯ ಸೆಕ್ಯುರಿಟಿ ಚೀಫ್. ಹಿಂದೆ ಪೊಲೀಸಿನಲ್ಲಿದ್ದವನು. ಅವನಿಗೆ ಕತ್ತು ಕೊಡುವುದನ್ನು ದೇವರು ಮರೆತಿದ್ದ. ಭುಜದ ಮೇಲೆ ನೇರವಾಗಿ ತಲೆ ಕೂರಿಸಿ ಕಳಿಸಿಬಿಟ್ಟಿದ್ದ.

"ಬಾಗಿಲು ತೆಗಿ ಗೂಳಿ. ಇಲ್ದಿದ್ರೆ ಬಾಟ್ಲಿ ಒಡೆದುಹಾಕ್ತೀನಿ!"

"ಒಡಿ."

"ಏನಂದೆ?"

"ಒಡಿ ಅಂದೆ ಕಣಯ್ಯಾ. ಮಧ್ಯಾಹ್ನ ಹೇಗೂ ಅದನ್ನ ಸುಡೋಕೆ ಆರ್ಡರ್ ಆಗಿದೆ. ನೀನೇ ಒಡೆದ್ರೆ ನಮಗೊಂದು ಕೆಲಸ ಉಳೀತು."

ನೋಡಿ, ಈ ದಂಧೆಯಲ್ಲಿ ನಾನು ಹಳಬ. ಕಳೆದುಹೋದದ್ದನ್ನು ಹುಡುಕಿಕೊಡುತ್ತೇನೆ. ಸಿಕ್ಕಿಬಿದ್ದವರನ್ನು ಬಿಡಿಸಿಕೊಡುತ್ತೇನೆ. ಇಲ್ಲಿರುವ ಮಾಲನ್ನು ಅಲ್ಲಿಗೆ ಮುಟ್ಟಿಸುತ್ತೇನೆ. ಮಾಲು ಏನು ಅಂತ ಯಾರಿಗೂ ಹೇಳುವುದಿಲ್ಲ. ದಾರಿಯಲ್ಲಿ ಸಹಾಯ ಮಾಡಿದವರಿಗೂ ಹೇಳುವುದಿಲ್ಲ. ನನ್ನ ಹೊಟ್ಟೆಪಾಡು ನಡೆದದ್ದೇ ಆ ಒಂದು ಪದ್ಧತಿಯಿಂದ. ಆದರೆ ನನ್ನ ಬೆದರಿಕೆಗೆ ಮೂರು ಕಾಸಿನ ಕಿಮ್ಮತ್ತೂ ಇಲ್ಲದಂಥ ಜಾಗದಲ್ಲಿ ಹೀಗೆ ನಡುಗುತ್ತ ನಿಂತದ್ದು ಅದೇ ಮೊದಲು.

ಈ ಸಲದ ಗಿರಾಕಿ ನನ್ನ ತಂಗಿ.

ಊರಿಗೆಲ್ಲ ದೊಡ್ಡ ಕೆಮಿಸ್ಟು, ನನಗೆ ಪುಟ್ಟಿ. ಅಪ್ಪ ಅಮ್ಮ ಬೇಗ ಹೋದರು. ನಾನು ಶಾಲೆ ಬಿಟ್ಟೆ, ಅವಳನ್ನು ಓದಿಸಿದೆ. ನಾನು ಮಾಡಿದ ಕೆಲಸಗಳಲ್ಲಿ ನೆಟ್ಟಗಿದ್ದದ್ದು ಅದೊಂದೇ ಅಂತ ಇಟ್ಟುಕೊಳ್ಳಿ.

ಅವಳು ಈ ಕಂಪನಿಯ ಲ್ಯಾಬಿನಲ್ಲೇ ಒಂದು ಮಾರಕ ವೈರಸ್ಸಿಗೆ ಮದ್ದು ಹುಡುಕುತ್ತಿದ್ದಳು. ಹೋದ ವಾರ ಪರೀಕ್ಷೆ ಮಾಡುವಾಗ ಸೂಜಿ ಜಾರಿತು. ಗ್ಲೌಸನ್ನೂ ಹರಿದು ಬೆರಳಿಗೆ ಚುಚ್ಚಿತು. ಯಾವ ವೈರಸ್ಸನ್ನು ಕೊಲ್ಲಲು ಹಗಲೆಲ್ಲ ಒದ್ದಾಡುತ್ತಿದ್ದಳೋ ಅದೇ ಮೈಯೊಳಗೆ ಹೊಕ್ಕಿತು. ಕಂಪನಿ ಏನು ಮಾಡಿತು ಗೊತ್ತಾ? ಅಪಘಾತವೇ ಆಗಿಲ್ಲ ಅಂದುಬಿಟ್ಟಿತು! ಹೊರಗೆಲ್ಲೋ ಅಂಟಿಸಿಕೊಂಡಿದ್ದಾಳೆ ಅಂತ ಹೇಳಿಕೆ ಕೊಟ್ಟಿತು. ಅವಳು ಮಾಡಿಟ್ಟಿದ್ದ ದ್ರಾವಣವನ್ನು ಅವಳಿಗೇ ಕೊಟ್ಟರೆ ಅಪಘಾತ ಒಪ್ಪಿಕೊಂಡಂತಾಗುತ್ತದಲ್ಲ? ಅದಕ್ಕೇ ಸುಟ್ಟುಹಾಕಿ ಅಂತ ಆರ್ಡರ್ ಹೊರಡಿಸಿತು. ಥೂ!

ಅವತ್ತು ಬೆಳಿಗ್ಗೆ ಆಸ್ಪತ್ರೆಯ ಡಾಕ್ಟರಮ್ಮನನ್ನು ಕೇಳಿದ್ದೆ.

"ಇದಕ್ಕೆ ಮದ್ದು ಇದೆಯಾ ಮೇಡಂ?"

"ಇಲ್ಲ."

"ಬೇರೆ ದೊಡ್ಡ ಆಸ್ಪತ್ರೆಯಲ್ಲಿ?"

"ಎಲ್ಲೂ ಇಲ್ಲ. ಆಕ್ಸಿಜನ್ ಕೊಡ್ತಿದೀನಿ, ಡ್ರಿಪ್ ಹಾಕಿದೀನಿ. ಲಿವರ್ ಕೈಕೊಡ್ತಾ ಇದೆ. ನಿಮ್ಮ ಹತ್ರ ಸುಳ್ಳು ಯಾಕೆ ಹೇಳ್ಲಿ... ತುಂಬ ದಿನ ಇಲ್ಲ."

ಪುಟ್ಟಿ ಗಾಜಿನ ಗೋಡೆಯ ಆಚೆ ಮಲಗಿದ್ದಳು. ಮಾತಾಡಲು ಗೋಡೆಯ ಎರಡೂ ಕಡೆ ಒಂದೊಂದು ಫೋನು. ಕಣ್ಣಿನ ಬಿಳಿ ಪೂರ್ತಿ ಹಳದಿಯಾಗಿತ್ತು.

"ಅಣ್ಣಾ, ಲ್ಯಾಬಿನ ಕೋಲ್ಡ್ ರೂಮಲ್ಲಿ ನಂದೊಂದು ಬಾಟ್ಲಿ ಇದೆ. ಮೇಲಿನ ಕಪಾಟು. ಕಡುಕೆಂಪು. ತಂದುಕೊಡ್ತೀಯಾ?"

"ತಂದ್ರೆ ವಾಸಿ ಆಗುತ್ತಾ?"

"ಗೊತ್ತಿಲ್ಲ. ತಟ್ಟೆಯಲ್ಲಿ ಬೆಳೆಸಿದ ಜೀವಕೋಶಗಳಲ್ಲಿ ವೈರಸ್ ನಿಂತೋಯ್ತು. ಇಲಿಗಳಲ್ಲಿ ಅರ್ಧಕ್ಕರ್ಧ ಉಳಿದ್ವು. ಮನುಷ್ಯರಿಗೆ ಇನ್ನೂ ಯಾರೂ ಕೊಟ್ಟಿಲ್ಲ."

"ಅರ್ಧಕ್ಕರ್ಧನಾ?"

"ಈಗ ನಂಗಿರೋದು ಸೊನ್ನೆ ಅಲ್ವೇನಣ್ಣಾ?"

ಮಾತು ಬದಲಿಸಿದೆ.

"ಅಷ್ಟಕ್ಕೂ ಏನಿದೆ ಆ ಬಾಟ್ಲಿಯಲ್ಲಿ?"

ಅವಳ ಮುಖಕ್ಕೆ ಕಳೆ ಬಂತು. ಚಿಕ್ಕಂದಿನಿಂದಲೂ ಹಾಗೇ. ಜ್ವರ ಬಂದು ಮಲಗಿದ್ದರೂ ಪಾಠ ಹೇಳು ಅಂದರೆ ಎದ್ದು ಕೂರುವವಳು.

"ನಡುವೆ ಒಂದು ಕಬ್ಬಿಣದ ಪರಮಾಣು. ಅದನ್ನ ಏಡಿ ಕಚ್ಚಿದ ಹಾಗೆ ಹಿಡಿದಿರೋ ಸಾವಯವ ಅಣು. ನಾವು ಲಿಗ್ಯಾಂಡ್ ಅಂತೀವಿ. ಬರೀ ಕಬ್ಬಿಣ ಕೊಟ್ರೆ ವೈರಸ್‌ಗೆ ಏನೂ ಆಗಲ್ಲ. ಬರೀ ಲಿಗ್ಯಾಂಡ್ ಕೊಟ್ರೂ ಕ್ಯಾರೇ ಅನ್ನಲ್ಲ. ಎರಡೂ ಕೂಡಿದ್ರೆ ಮಾತ್ರ, ವೈರಸ್ ತನ್ನ ನಕಲು ತೆಗೆಯೋದು ನಿಲ್ಲುತ್ತೆ."

"ಗಂಡ ಹೆಂಡ್ತಿ ಇದ್ದ ಹಾಗೆ ಅನ್ನು."

"ಮದುವೆನೇ ಆಗದೋನು ಮಾತಾಡೋದು ನೋಡು!"

ನಕ್ಕಳು. ನಗು ಕೆಮ್ಮಾಯಿತು. ಕೆಮ್ಮು ನಿಲ್ಲಲು ತುಂಬ ಹೊತ್ತು ಹಿಡಿಯಿತು.

"ಕೆಂಪಗಿರೋವರೆಗೂ ಎರಡೂ ಕೂಡಿವೆ ಅಂತ ಅರ್ಥ. ಜೋಪಾನವಾಗಿ ತಾ ಅಣ್ಣಾ. ಇನ್ನೊಂದ್ಸಲ ಮಾಡೋಕೆ ತಿಂಗಳು ಬೇಕು. ಮಾಡೋಳೂ ಬೇಕಲ್ಲ."

ಡಾಕ್ಟರಮ್ಮ ನನ್ನ ಪಕ್ಕದಲ್ಲೇ ನಿಂತಿದ್ದರು. ಕನ್ನಡಕ ಒರೆಸಿಕೊಂಡರು.

"ನಾನೇನೂ ಕೇಳಿಸ್ಕೊಂಡಿಲ್ಲ," ಅಂದರು. "ಆದ್ರೆ ಇವತ್ತು ಸಂಜೆವರೆಗೂ ಇಲ್ಲೇ ಇರ್ತೀನಿ. ನಿಮ್ಮ ತಂಗಿ ಒಪ್ಪಿದ್ರೆ ಕೊಡೋಳು ನಾನೇ."

ಹೀಗೆ ನಾನು ಕೋಲ್ಡ್ ರೂಮು ಸೇರಿದ್ದು.

ಹಲ್ಲು ಕಟಕಟ ಅನ್ನತೊಡಗಿತು. ಹೊರಗೆ ಗೂಳಿ ಫೋನಿನಲ್ಲಿ ಯಾರಿಗೋ ವರದಿ ಒಪ್ಪಿಸುತ್ತಿದ್ದ. "ಹೌದು ಸಾರ್... ಒಳಗೇ ಇದಾನೆ ಸಾರ್... ಎಲ್ಲಿಗ್ಹೋಗ್ತಾನೆ ಸಾರ್..." ದನಿ ಬಾಗಿಲಿಗೆ ತೀರ ಹತ್ತಿರವಿತ್ತು. ಬೆನ್ನು ಒರಗಿಸಿಕೊಂಡು ನಿಂತಿದ್ದಾನೆ!

ಇಂಥ ರೂಮುಗಳಲ್ಲಿ ಒಳಗೆ ಸಿಕ್ಕಿಕೊಂಡವರಿಗೆಂದೇ ಒಂದು ಹಸಿರು ಗುಂಡಿ ಇರುತ್ತದೆ. ಒತ್ತಿದರೆ ಹೊರಗಿನ ಚಿಲಕ ತಾನೇ ಬಿಟ್ಟುಕೊಳ್ಳುತ್ತದೆ. ಅಲ್ಲಿ ಕೆಲಸ ಮಾಡುವ ಎಲ್ಲರಿಗೂ ಅದು ಗೊತ್ತು, ಪುಟ್ಟಿ ನನಗೂ ಹೇಳಿದ್ದಳು. ಗೂಳಿ ಅಲ್ಲಿ ಕೆಲಸ ಮಾಡುವವನಲ್ಲ, ಕಾಯುವವನು.

ಬಾಟಲಿಯನ್ನು ಶರ್ಟಿನ ಒಳಜೇಬಿಗೆ ಇಳಿಸಿದೆ. ಗುಂಡಿ ಒತ್ತಿದೆ. ಭುಜ ಕೊಟ್ಟು ನೂಕಿದೆ.

"ಅಯ್ಯಪ್ಪಾ!"

ದಪ್ಪ ಬಾಗಿಲು ಬೀಸಿ ಬಡಿಯಿತು. ಗೂಳಿ ಮುಗ್ಗರಿಸಿ ಎದುರಿನ ಕಬ್ಬಿಣದ ಕಪಾಟಿಗೆ ಮೂಗು ಕೊಟ್ಟ. ಫೋನು ಎಲ್ಲೋ ಹಾರಿತು. ಅವನ ಇಬ್ಬರು ಆಳುಗಳು ಒಂದು ಕ್ಷಣ ಅವನನ್ನು ಎತ್ತುವುದೋ ನನ್ನನ್ನು ಹಿಡಿಯುವುದೋ ಎಂದು ಕಕ್ಕಾಬಿಕ್ಕಿಯಾದರು. ನನಗೆ ಅಷ್ಟು ಸಾಕಾಗಿತ್ತು.

"ಹಿಡೀರೋ ಅವನ್ನ... ಏನ್ ನೋಡ್ತೀರಾ!"

ಓಡಿದೆ.

ಮೆಟ್ಟಿಲು... ಇನ್ನೊಂದು ಸುತ್ತು ಮೆಟ್ಟಿಲು... ಬಿಳಿ ಕೋಟಿನವರು ಗೋಡೆಗೆ ಅಂಟಿಕೊಂಡು ದಾರಿ ಬಿಟ್ಟರು. ಹಿಂದೆ ಬೂಟುಗಳ ಧಪಧಪ. ಸಾಮಾನು ಇಳಿಸುವ ಕಟ್ಟೆಯ ಮೇಲಿಂದ ಧುಮುಕಿದೆ. ಎದುರಿಗೆ ಕಾಂಪೌಂಡು. ಕಾಲಡಿಗೆ ಖಾಲಿ ಡ್ರಮ್ಮು ಸಿಕ್ಕಿತು, ಹತ್ತಿದೆ, ಗೋಡೆಗೆ ಜೋತುಬಿದ್ದೆ, ಎದೆ ಎಳೆದುಕೊಂಡು ಆಚೆ ಬಿದ್ದೆ.

ಟಿಣ್.

ಸಣ್ಣ ಸದ್ದು. ಎದೆಯ ಹತ್ತಿರ ತಣ್ಣಗೆ ಒದ್ದೆಯಾಯಿತು.

ಕೈ ಹಾಕಿ ನೋಡಿದೆ. ಬಾಟಲಿ ಒಡೆದಿರಲಿಲ್ಲ, ಉದ್ದಕ್ಕೂ ಬಿರುಕು ಬಿಟ್ಟಿತ್ತು. ಕೆಂಪು ನೀರು ಸಣ್ಣಗೆ ಜಿನುಗುತ್ತಿತ್ತು. ಆಗಲೇ ಶರ್ಟು ಹೊಟ್ಟೆಯವರೆಗೆ ಕೆಂಪಾಗಿತ್ತು. ಬಿರುಕಿನ ಮೇಲೆ ಹೆಬ್ಬೆರಳು ಒತ್ತಿ ಹಿಡಿದು ಮತ್ತೆ ಓಡಿದೆ. ರಸ್ತೆಯಲ್ಲಿ ಒಬ್ಬ ಹೆಂಗಸು ನನ್ನನ್ನು ನೋಡಿ ಕಿರುಚಿದಳು.

ತಿರುವಿನಲ್ಲೇ ರಕ್ತ ಪರೀಕ್ಷೆ ಮಾಡುವ ಸೆಂಟರ್ ಒಂದಿತ್ತು. ಅಲ್ಲಿ ರಕ್ತ ತೆಗೆಯುವವಳು ನನ್ನ ಪರಿಚಯದವಳು. ಹಿಂದೊಮ್ಮೆ ಅವಳ ಗಂಡನನ್ನು ಠಾಣೆಯಿಂದ ಬಿಡಿಸಿ ತಂದಿದ್ದೆ. ಸೂಜಿಯಕ್ಕ ಅಂತ ಕರೆಯುತ್ತೇನೆ. ಬಾಗಿಲು ತಳ್ಳಿ ಒಳಗೆ ನುಗ್ಗಿದೆ.

"ಅಯ್ಯೋ ದೇವರೇ! ಯಾರು ಚುಚ್ಚಿದ್ರು ನಿಂಗೆ?"

"ಯಾರೂ ಚುಚ್ಚಿಲ್ಲ ಅಕ್ಕಾ. ಇದು ನಂದಲ್ಲ."

"ಮತ್ತೆ ಯಾರ ರಕ್ತ ಇದು?"

ಬಾಟಲಿ ಮುಂದೆ ಹಿಡಿದೆ. ನೀವೇ ಹೇಳಿ, ಆಗ ನಿಜ ಹೇಳಬಹುದಿತ್ತು. ಬಾಯಿಗೂ ಬಂದಿತ್ತು. ಆದರೆ ಇಷ್ಟು ವರ್ಷದ ಅಭ್ಯಾಸ ಬಿಡುತ್ತದಾ?

"ಯಾರದಾದ್ರೇನು, ಕೇಳ್ಬೇಡ. ಆಸ್ಪತ್ರೆಗೆ ಮುಟ್ಟಿಸ್ಬೇಕು. ಬೇರೆ ಏನಕ್ಕಾದ್ರೂ ಸುರಿದುಕೊಡು. ಬೇಗ!"

ಗ್ಲೌಸು ಹಾಕಿಕೊಂಡಳು, ಸಿರಿಂಜಿನಿಂದ ಬಾಟಲಿಯ ದ್ರಾವಣ ಎಳೆದಳು. ಮೇಜಿನ ಮೇಲೆ ಟ್ಯೂಬುಗಳ ಸ್ಟ್ಯಾಂಡು. ಕೆಂಪು, ನೀಲಿ, ನೇರಳೆ, ಬೂದು... ಒಂದೊಂದಕ್ಕೂ ಒಂದೊಂದು ಬಣ್ಣದ ಮುಚ್ಚಳ.

"ಹೆಪ್ಪುಗಟ್ಟಬಹುದಾ, ಗಟ್ಟಬಾರದಾ?"

"ಏನು?"

"ರಕ್ತ ಕಣೋ. ಹೆಪ್ಪುಗಟ್ಟಿದ್ರೆ ಪರವಾಗಿಲ್ವಾ?"

"ಗಟ್ಟಲೇಬಾರದು!" ಅಂದೆ. ನೀರಿನ ಹಾಗೇ ಇರಬೇಕು, ಮೈಯೊಳಗೆ ಹೋಗಬೇಕಾದದ್ದು. ನನ್ನ ತಲೆಗೆ ಅಷ್ಟೇ ಹೊಳೆದದ್ದು.

ನೇರಳೆ ಮುಚ್ಚಳದ ಮೂರು ಟ್ಯೂಬು ತೆಗೆದಳು. ತುಂಬಿದಳು. ಒಂದೊಂದನ್ನೂ ಮೇಲೆ ಕೆಳಗೆ, ಮೇಲೆ ಕೆಳಗೆ, ನಿಧಾನಕ್ಕೆ ತಿರುಗಿಸಿದಳು. ಮಗುವಿಗೆ ಜೋಲಿ ತೂಗುವ ಹಾಗೆ. ಎಷ್ಟು ಮುತುವರ್ಜಿ ಅಂತೀರಿ! ನನಗೆ ಅವಳ ಕಾಲಿಗೆ ಬೀಳಬೇಕೆನ್ನಿಸಿತು. ಥರ್ಮೊಕೋಲ್ ಡಬ್ಬಿಯಲ್ಲಿ ಐಸಿನ ಮೇಲಿಟ್ಟು ಮುಚ್ಚಿದಳು.

ಹೊರಗೆ ಬೂಟಿನ ಸದ್ದು!

"ಮಲಕ್ಕೋ," ಅಂದಳು.

ಮಂಚದ ಮೇಲೆ ಬಿದ್ದುಕೊಂಡೆ. ಕತ್ತಿನವರೆಗೆ ಹೊದಿಕೆ ಎಳೆದಳು, ಮುಖಕ್ಕೆ ಮಾಸ್ಕು ಹಾಕಿದಳು, ತೋಳಿಗೆ ರಬ್ಬರ್ ಪಟ್ಟಿ ಬಿಗಿದಳು. ಬಾಗಿಲು ಧಡಾರನೆ ತೆರೆಯಿತು. ಗೂಳಿಯ ಆಳು.

"ಇಲ್ಲಿಗೊಬ್ಬ ಬಂದ್ನಾ? ಶರ್ಟೆಲ್ಲ ಕೆಂಪಾಗಿರೋನು?"

"ಇಲ್ಲಿಗೆ ಬರೋರೆಲ್ಲ ಕೆಂಪೇ. ಹೊರಗೆ ನಿಂತ್ಕೋಪ್ಪಾ, ರಕ್ತ ತೆಗೀತಿದೀನಿ."

"ಆ ಡಬ್ಬಿಯಲ್ಲೇನು?"

ಅವನು ಮುಚ್ಚಳ ಎತ್ತಿದ. ಬಗ್ಗಿ ನೋಡಿದ.

"ಸೋಂಕಿನ ವಾರ್ಡಿಗೆ ಸೇರಿದ್ದು," ಅಂದಳು ಸೂಜಿಯಕ್ಕ. "ಗ್ಲೌಸ್ ಇಲ್ದೆ ಮುಟ್ತೀಯಲ್ಲ, ಹೆಂಡ್ತಿ ಮಕ್ಕಳಿಲ್ವಾ ನಿಂಗೆ?"

ಅವನು ಕೈಸುಟ್ಟವನ ಹಾಗೆ ಮುಚ್ಚಳ ಬಿಟ್ಟ. ಪ್ಯಾಂಟಿಗೆ ಕೈ ಒರೆಸಿಕೊಳ್ಳುತ್ತ ಹಿಂದೆ ಹಿಂದೆ ನಡೆದು ಹೊರಗೆ ಹೋದ. ನಾವಿಬ್ಬರೂ ಬಾಯಿ ಮುಚ್ಚಿಕೊಂಡು ನಕ್ಕೆವು. ಅವತ್ತು ನಾನು ನಕ್ಕದ್ದು ಅದೇ ಕೊನೆ.

ಅಲ್ಲಿ ಸ್ಯಾಂಪಲ್ ಸಾಗಿಸುವವರ ಜಾಕೆಟ್ ತೊಟ್ಟೆ, ಅವಳದೇ ಸ್ಕೂಟರ್ ಹತ್ತಿದೆ. ಡಬ್ಬಿ ಕಾಲ ನಡುವೆ. ಮಧ್ಯಾಹ್ನದ ಟ್ರಾಫಿಕ್ಕು. ಎರಡು ಬಸ್ಸುಗಳ ಮಧ್ಯೆ ನುಸುಳಿದೆ, ಬೈಸಿಕೊಂಡೆ, ಫುಟ್‌ಪಾತ್ ಹತ್ತಿಸಿದೆ. ಆಸ್ಪತ್ರೆಯ ಗೇಟಿನಲ್ಲಿ ಕಂಪನಿಯ ಕಪ್ಪು ಕಾರು ಆಗಲೇ ಬಂದು ನಿಂತಿತ್ತು! ಗೂಳಿ ಒಳಗೆ ಕೂತು ಮೂಗಿಗೆ ಕರ್ಚೀಫು ಒತ್ತಿಕೊಂಡಿದ್ದ. ಬರುವ ಹೋಗುವ ಒಬ್ಬೊಬ್ಬರ ಮುಖವನ್ನೂ ಅಳೆಯುತ್ತಿದ್ದ.

ಡಬ್ಬಿಯನ್ನು ಮುಖದ ಎತ್ತರಕ್ಕೆ ಎತ್ತಿಕೊಂಡೆ.

"ಸೋಂಕು ವಾರ್ಡು... ಸ್ಯಾಂಪಲ್ಲು... ದಾರಿ ಬಿಡಿ, ದಾರಿ!"

ಜನ ಚದುರಿದರು. ವಾಚ್‌ಮನ್ ಗೋಡೆಗೆ ಒತ್ತಿಕೊಂಡ. ಗೂಳಿ ಕಾರಿನ ಗಾಜು ಏರಿಸಿಕೊಂಡ. ಅವನ ಪಕ್ಕದಲ್ಲೇ ಹಾದುಹೋದೆ. ನನ್ನಷ್ಟು ಬುದ್ಧಿವಂತ ಈ ಊರಿನಲ್ಲೇ ಇಲ್ಲ ಅನ್ನಿಸಿತು. ಎದೆ ಉಬ್ಬಿತ್ತು, ಸುಳ್ಳು ಯಾಕೆ ಹೇಳಲಿ.

ವಾರ್ಡಿನ ಹೊರಗೆ ಡಾಕ್ಟರಮ್ಮ ಕಾಯುತ್ತಿದ್ದರು.

"ತಂದ್ರಾ?"

"ತಂದೆ ಮೇಡಂ!"

ಗಾಜಿನಾಚೆ ಪುಟ್ಟಿ ಮೊಣಕೈ ಊರಿ ಎದ್ದಳು. ಫೋನು ತೆಗೆದುಕೊಂಡಳು. ನಾನು ಡಬ್ಬಿಯ ಮುಚ್ಚಳ ತೆಗೆದೆ. ಟ್ಯೂಬು ಎತ್ತಿದೆ.

ಹಳದಿ.

ತಿಳಿಹಳದಿ... ಬರೀ ನೀರಿಗೆ ಒಂದು ಚಿಟಿಕೆ ಬಣ್ಣ ಬಿದ್ದ ಹಾಗೆ. ಎರಡನೆಯದೂ ಹಳದಿ. ಮೂರನೆಯದೂ ಹಳದಿ!

"ಇದಲ್ಲ," ಅಂದೆ. "ಬದಲಾಗಿದೆ... ಯಾರೋ ಬದಲಾಯಿಸಿದಾರೆ! ಸೂಜಿಯಕ್ಕ ತುಂಬುವಾಗ ನಾನೇ ನೋಡಿದೀನಿ, ಕೆಂಪಗಿತ್ತು! ಐಸ್ ಜಾಸ್ತಿ ಆಯ್ತೇನೋ... ಬಿಸಿಲಿಗೆ ಆಯ್ತೇನೋ..."

"ಅಣ್ಣಾ."

"ಕೆಂಪಗಿತ್ತು ಪುಟ್ಟೀ! ನಿನ್ನಾಣೆಗೂ!"

"ಅಣ್ಣಾ... ಟ್ಯೂಬನ್ನ ಗಾಜಿಗೆ ಹಿಡಿ. ಮುಚ್ಚಳ ತೋರ್ಸು."

ಹಿಡಿದೆ.

ಅವಳು ನೋಡಿದಳು. ಬಹಳ ಹೊತ್ತು ನೋಡಿದಳು. ಡಾಕ್ಟರಮ್ಮನಿಗೂ ಆಗಲೇ ಗೊತ್ತಾಗಿರಬೇಕು, ಅವರು ಮುಖ ಆಚೆ ತಿರುಗಿಸಿದರು.

"ನೇರಳೆ," ಅಂದಳು ಪುಟ್ಟಿ.

"ಅದಕ್ಕೇನೀಗ?"

"ಆ ಟ್ಯೂಬಿನ ಒಳಗೋಡೆಗೆ ಒಂದು ಮದ್ದು ಬಳಿದಿರ್ತಾರೆ ಅಣ್ಣಾ. ರಕ್ತ ಹೆಪ್ಪುಗಟ್ಟಬಾರದು ಅಂತ. ಇಡಿಟಿಎ. ಅದೂ ಒಂದು ಲಿಗ್ಯಾಂಡೇ. ಲೋಹ ಕಂಡ್ರೆ ಬಿಡೋದೇ ಇಲ್ಲ. ರಕ್ತದಲ್ಲಾದ್ರೆ ಕ್ಯಾಲ್ಸಿಯಂ ಹಿಡಿಯುತ್ತೆ. ಇಲ್ಲಿ ನನ್ನ ಕಬ್ಬಿಣ ಸಿಕ್ತು. ಕಿತ್ಕೊಳ್ತು. ನನ್ನ ಅಣುಗಿಂತ ಅದರ ಹಿಡಿತ ಗಟ್ಟಿ."

ಅರ್ಥವಾಗಲು ಒಂದು ಕ್ಷಣ ಹಿಡಿಯಿತು.

"ಕೆಂಪು ಮುಚ್ಚಳದ್ದೂ ಇತ್ತಲ್ಲ ಪುಟ್ಟೀ..."

"ಅದರೊಳಗೆ ಯಾವ ಮದ್ದೂ ಬಳಿದಿರಲ್ಲ. ಅದಾಗಿದ್ರೆ ಏನೂ ಆಗ್ತಿರ್ಲಿಲ್ಲ."

"ಅವಳು ಕೇಳಿದ್ಲು. ಯಾರ ರಕ್ತ ಅಂತ ಕೇಳಿದ್ಲು. ನಾನು ರಕ್ತ ಅಲ್ಲ, ಔಷಧಿ ಅಂದಿದ್ರೆ..."

ನಾನು ಹುಚ್ಚನ ಹಾಗೆ ಗಾಜು ತಟ್ಟಿದೆ.

"ಇನ್ನೊಂದ್ಸಲ ಕಬ್ಬಿಣ ಹಾಕಿದ್ರೆ? ನಿನ್ನ ಲಿಗ್ಯಾಂಡ್ ಅದ್ರೊಳಗೇ ಉಳಿದಿದೆಯಲ್ಲ? ಮೊಳೆ... ಸೂಜಿ... ಏನಾದ್ರೂ ಹಾಕ್ತೀನಿ ಪುಟ್ಟೀ, ಹೇಳು! ಎಲ್ಲಿಂದಾದ್ರೂ ತರ್ತೀನಿ!"

ಆಗ ಅವಳು ನಕ್ಕಳು ನೋಡಿ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

"ಒಳ್ಳೆ ಪ್ರಶ್ನೆ ಕೇಳ್ದೆ ಅಣ್ಣಾ. ಓದಿದ್ರೆ ನೀನು ನನಗಿಂತ ಮುಂದಿರ್ತಿದ್ದೆ. ಆಗಲ್ಲ. ಲ್ಯಾಬ್ ಬೇಕು, ಬೇರ್ಪಡಿಸ್ಬೇಕು, ಶುದ್ಧ ಮಾಡ್ಬೇಕು. ಅಷ್ಟು ಹೊತ್ತು ಯಾರ ಹತ್ರ ಇದೆ?"

ತಲೆ ದಿಂಬಿಗೆ ಆನಿಸಿದಳು. ಫೋನು ಕಿವಿಗೇ ಇತ್ತು. ಕೇಳಿದಳು:

"ಬಣ್ಣ ತಕ್ಷಣ ಹೋಯ್ತಾ ಅಣ್ಣಾ, ನಿಧಾನಕ್ಕೆ ಹೋಯ್ತಾ?"

"ಯಾಕೆ?"

"ಸುಮ್ನೆ. ಗೊತ್ತಾಗ್ಬೇಕು."

ನೆನಪು ಮಾಡಿಕೊಂಡೆ. ಗೂಳಿಯ ಆಳು ಬಗ್ಗಿ ನೋಡಿದಾಗ ಕೆಂಪೇ ಇದ್ದಿರಬೇಕು, ಇಲ್ಲದಿದ್ದರೆ ಅವನು ಹೆದರುತ್ತಿರಲಿಲ್ಲ.

"ನಿಧಾನಕ್ಕೆ," ಅಂದೆ.

"ಹೌದಾ?" ಕಣ್ಣು ಮುಚ್ಚಿಕೊಂಡಳು. ಮುಖದಲ್ಲಿ ಎಂಥದೋ ಸಮಾಧಾನ. "ಹಾಗಾದ್ರೆ ತುಂಬ ಗಟ್ಟಿಯಾಗೇ ಹಿಡ್ಕೊಂಡಿತ್ತು, ಪಾಪ. ಅಣ್ಣಾ, ಆ ರಕ್ತ ತೆಗೆಯೋ ಅಕ್ಕಂಗೆ ಏನೂ ಹೇಳ್ಬೇಡ. ಅವರು ಸರಿಯಾಗೇ ಮಾಡಿದಾರೆ."

ನಾನು ಅತ್ತೆ. ಹೌದು, ನಾನೇ. ಠಾಣೆಯಲ್ಲಿ ಲಾಠಿ ಮುರಿಯುವ ಹಾಗೆ ಹೊಡೆದಾಗಲೂ ಅಳದವನು, ಕಾರಿಡಾರಿನಲ್ಲಿ ಕೂತು ಎಳೆ ಮಗುವಿನ ಹಾಗೆ ಗೋಳೋ ಅಂತ ಅತ್ತೆ. ಡಾಕ್ಟರಮ್ಮ ಬಂದು ಪಕ್ಕದಲ್ಲಿ ಕೂತರು. ಒಂದು ಲೋಟ ನೀರು ಕೊಟ್ಟರು.

ಮಾರನೆಯ ದಿನ ಬೆಳಿಗ್ಗೆ ಪುಟ್ಟಿ ಹೋದಳು.

ನಾನು ಅದೇ ಬೆಂಚಿನ ಮೇಲಿದ್ದೆ. ಒಳಗೆ ಅವಳನ್ನು ಬಿಳಿ ಬಟ್ಟೆಯಲ್ಲಿ ಸುತ್ತುತ್ತಿದ್ದರು. ಬೂಟಿನ ಸದ್ದಾಯಿತು. ತಲೆ ಎತ್ತಿ ನೋಡಿದೆ. ಗೂಳಿ. ಮೂಗಿನ ಮೇಲೆ ಬ್ಯಾಂಡೇಜು, ಬ್ಯಾಂಡೇಜಿನ ಮೇಲೆ ಮಾಸ್ಕು.

"ಮಾಲು ಎಲ್ಲಿ?"

ಜೇಬಿನಿಂದ ಮೂರೂ ಟ್ಯೂಬು ತೆಗೆದು ಕೊಟ್ಟೆ. ಅಷ್ಟು ಸುಲಭಕ್ಕೆ ಕೊಡುತ್ತೇನೆಂದು ಅವನು ಎಣಿಸಿರಲಿಲ್ಲ. ಹೊಡೆದಾಟಕ್ಕೆ ತಯಾರಾಗಿ ಬಂದಿದ್ದ, ಮುಷ್ಟಿ ಸಡಿಲ ಮಾಡಿಕೊಂಡ. ಕಿಟಕಿಯ ಬೆಳಕಿಗೆ ಹಿಡಿದು ನೋಡಿದ.

"ಕೆಂಪಗಿತ್ತಲ್ಲೋ ಇದು?"

"ಇತ್ತು."

"ಏನ್ ಮಾಡ್ದೆ ಇದಕ್ಕೆ?"

ಅವನು ಅತ್ತ ಇತ್ತ ನೋಡಿದ. ದನಿ ತಗ್ಗಿಸಿದ.

"ನೋಡು... ಆಗಿದ್ದು ಆಗೋಯ್ತು. ನಿನ್ನ ಮೇಲೆ ಕೇಸ್ ಬೇಡ ಅಂದಿದಾರೆ ಸಾಹೇಬ್ರು. ಒಂದು ಮಾತು ಮಾತ್ರ ಕೇಳ್ಕೊಂಡು ಬಾ ಅಂದ್ರು. ಈ ಮದ್ದು ನಿಜವಾಗ್ಲೂ ಕೆಲಸ ಮಾಡುತ್ತಾ, ಇಲ್ವಾ? ಮಾಡುತ್ತೆ ಅನ್ನೋದಾದ್ರೆ ಮತ್ತೆ ಮಾಡಿಸ್ಬೇಕಂತೆ. ಯಾರನ್ನ ಕೇಳೋದು?"

ವಾರ್ಡಿನ ಬಾಗಿಲು ತೋರಿಸಿದೆ.

"ಗೊತ್ತಿರೋಳು ಒಬ್ಬಳೇ. ಅಲ್ಲೇ ಒಳಗಿದಾಳೆ, ಹೋಗಿ ಕೇಳು."

ಅವನು ಬಾಗಿಲು ನೋಡಿದ. ನನ್ನನ್ನು ನೋಡಿದ. ಕೈ ತಾನಾಗಿ ಮಾಸ್ಕಿಗೆ ಹೋಯಿತು.

"ಹೆದ್ರಬೇಡ ಗೂಳಿ," ಅಂದೆ. "ಮಾಸ್ಕ್ ತೆಗೆದೇ ಹೋಗು. ಅವಳೀಗ ಕೆಮ್ಮಲ್ಲ."